ಗುಂಡಣ್ಣನ ಮುಖ

ಠಣ್, ಠಣ್, ಠಣ್. ನಡುವೆ ಒಂದು ಸಲ, ದಬ್.

ಕೊಡ್ಲಿಪೇಟೆಯಿಂದ ಶನಿವಾರಸಂತೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯಿತು ಅನ್ನುವಲ್ಲಿ ಸಣ್ಣಸ್ವಾಮಿಯ ಗ್ಯಾರೇಜು ಇದೆ. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ. ರಸ್ತೆಯ ಈಚೆ ಬದಿಗೆ ಸಾಂತಪ್ಪನ ಮನೆ. ಮೇ ತಿಂಗಳು ಬಂತೆಂದರೆ ಆ ಮನೆಯ ಜಗಲಿಯಲ್ಲಿ ಕೂತವರಿಗೆ ಬೆಳಗಿನಿಂದ ಸಂಜೆಯವರೆಗೆ ಇದೊಂದೇ ಸದ್ದು. ಮಳೆ ಹಿಡಿಯುವ ಮೊದಲು ಸುತ್ತಿನ ಪಿಕಪ್ಪುಗಳೆಲ್ಲ ಅಲ್ಲಿ ಸಾಲಾಗಿ ಬಂದು ನಿಲ್ಲುತ್ತವೆ. ಸಣ್ಣಸ್ವಾಮಿ ಗಾಡಿಯ ಅಡಿಯಲ್ಲಿ ಮಲಗಿ, ಸುತ್ತಿಗೆಯಿಂದ ಜಾಗ ಜಾಗವನ್ನೂ ಬಡಿದು ಕಿವಿಗೊಡುತ್ತಾನೆ. ಠಣ್ ಅಂದರೆ ಅಲ್ಲಿ ಕಬ್ಬಿಣ ಇದೆ. ದಬ್ ಅಂದರೆ ಕಬ್ಬಿಣವಿದ್ದಲ್ಲಿ ಈಗ ತುಕ್ಕು ಕೂತಿದೆ. ತುಕ್ಕನ್ನು ಕೆರೆದು, ಕೆಂಪು ರೆಡಾಕ್ಸೈಡ್ ಬಣ್ಣ ಬಳಿದು, ಅದರ ಮೇಲೆ ಸುಟ್ಟ ಆಯಿಲ್ ಹಚ್ಚಿ ಗಾಡಿ ಕಳಿಸುತ್ತಾನೆ. ತೋಟಗಳಿಗೆ ಗೊಬ್ಬರ ಹೊರುವ ಗಾಡಿಗಳಿಗೆ ಇದು ಇನ್ನಷ್ಟು ಅಗತ್ಯ. ಪೊಟ್ಯಾಷ್ ಗೊಬ್ಬರ ಎಂದರೆ ಒಂದು ಬಗೆಯ ಉಪ್ಪೇ. ಚೀಲದಿಂದ ಸೋರಿದ ಪುಡಿ ಗಾಡಿಯ ಅಡಿಯಲ್ಲಿ ಕೂತು, ಒದ್ದೆಯಾಗಿ, ಯಾರಿಗೂ ಕೇಳಿಸದ ಹಾಗೆ ಕಬ್ಬಿಣ ತಿನ್ನುತ್ತದೆ.

ಸಾಂತಪ್ಪ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತಿದ್ದ. ಸುತ್ತಿಗೆ ಎಲ್ಲಿ ಬಿದ್ದರೆ ಯಾವ ಸದ್ದು ಬರುತ್ತದೆಂದು ಅವನಿಗೆ ನೋಡದೆಯೇ ತಿಳಿಯುತ್ತದೆ. ಚಾಸಿಯ ಉದ್ದ ಪಟ್ಟಿಗೆ ಒಂದು ಸದ್ದು, ಬಾಗಿಲ ಕೆಳಗಿನ ತಗಡಿಗೆ ಇನ್ನೊಂದು. ಹಿಂದಿನ ಎರಡು ಚಕ್ರಗಳನ್ನು ಸೇರಿಸುವ ಆಕ್ಸಲ್ಲಿನ ಕೊಳವೆ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿರುತ್ತದಲ್ಲ, ಡ್ರೈವರುಗಳು ಗುಂಡು ಎಂದು ಕರೆಯುವ ಆ ಜಾಗದ ಮೇಲೆ ಪೆಟ್ಟು ಬಿದ್ದರೆ ಗಂಟೆಯಂತೆ ಸ್ವಲ್ಪ ಹೊತ್ತು ಗುಂಯ್‌ಗುಡುತ್ತದೆ. ಈಗ ಆ ಸದ್ದು ಬಂತು. ಅವನು ಅರ್ಧ ಕಾಫಿ ಅಲ್ಲೇ ಇಟ್ಟು ಒಳಗೆ ಎದ್ದುಹೋದ.

ಅಡುಗೆಮನೆಯಿಂದಲೇ ಹೆಂಡತಿ ಮುದ್ದಿ ಅಂದಳು, "ಎಲ್ಲಿಗೆ ಹೋದ್ರೂ ಕೇಳುಸ್ತದೆ. ಹಿತ್ಲಿಗೆ ಹೋದ್ರೂ ಕೇಳುಸ್ತದೆ."

ಸಾಂತಪ್ಪನ ಗಾಡಿ ಅಂಗಳದಲ್ಲಿ, ಮಾವಿನ ಮರದ ಕೆಳಗೆ ನಿಂತಿತ್ತು. ಅದರ ಗುಂಡಿಗೆ ಪ್ಲಾಸ್ಟಿಕ್ ಸುತ್ತಿ, ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿತ್ತು. ಎರಡು ಮಳೆಗಾಲ ಅದು ಹಾಗೇ ಇತ್ತು.

ಸಾಂತಪ್ಪ ಹುಟ್ಟಿ ಬೆಳೆದದ್ದು ಕಾಫಿ ಎಸ್ಟೇಟಿನ ಲೈನಿನಲ್ಲಿ, ಆಳುಗಳ ಸಾಲುಮನೆಯಲ್ಲಿ. ಮೊದಲು ಲಾರಿಗೆ ಮೂಟೆ ಹೊತ್ತ. ಆಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಜೀಪು ತೊಳೆಯುತ್ತ ತೊಳೆಯುತ್ತ ಸ್ಟಿಯರಿಂಗ್ ಹಿಡಿಯುವುದನ್ನೂ ಕಲಿತ. ಈ ಪಿಕಪ್ಪು ಅವನ ಅಂಗಳಕ್ಕೆ ಬಂದಾಗ ಮಗಳು ಚಿನ್ನಿ ಎರಡನೇ ಕ್ಲಾಸು. ಅಂದಿನಿಂದ ಈ ಗಾಡಿಯಲ್ಲಿ ಅವನು ಹೊರದಿರುವ ವಸ್ತುವಿಲ್ಲ. ಕಾಫಿ, ಶುಂಠಿ, ಸುಣ್ಣ, ಕೋಳಿ ಗೊಬ್ಬರ, ಮದುವೆ ಮನೆಯ ಹಂಡೆ ಕೊಳಗ, ಕಾಫಿ ಪಿಕ್ಕಿಂಗಿಗೆ ಹೋಗುವ ಹೆಂಗಸರು. ಮಾತು ಕಡಿಮೆ ಆಡುವವನು. ಎದುರಿನ ಗಾಡಿಗೆ ದಾರಿ ಬಿಡಲು ತಾನೇ ಹಿಂದೆ ಸರಿಯುವವನು. ಅದಕ್ಕೆ ಸಣ್ಣಸ್ವಾಮಿ, "ನಮ್ ಸಾಂತಣ್ಣನ ಗಾಡಿಗೆ ರಿವರ್ಸ್ ಗೇರೇ ಮೊದ್ಲು ಸವೆಯೋದು," ಎಂದು ಎಲ್ಲರೆದುರಿಗೆ ನಗುತ್ತಿದ್ದ.

ಗಾಡಿ ಬಂದ ವರ್ಷದ ಆಯುಧಪೂಜೆಗೆ, ಗುಂಡಿನ ಮೇಲೆ ದೃಷ್ಟಿಯ ಮುಖ ಬರೆಸಬೇಕೆಂದು ಸಾಂತಪ್ಪ ಬೋರ್ಡ್ ಬರೆಯುವವನಿಗೆ ಹೇಳಿದ್ದ. ಲಾರಿಗಳವರು ಬರೆಸುತ್ತಾರಲ್ಲ, ಕೋರೆಹಲ್ಲು, ಕೆಂಪು ನಾಲಿಗೆ, ಹಿಂದೆ ಬರುವವರ ಕೆಟ್ಟ ಕಣ್ಣು ಮೊದಲು ಅದಕ್ಕೇ ತಾಗಲಿ ಅಂತ. ಹಬ್ಬದ ದಿನ ಬೋರ್ಡಿನವನು ಕೈಕೊಟ್ಟ. ಗಾಡಿ ತೊಳೆದಾಗಿತ್ತು, ಬಾಳೆಕಂದು ಕಟ್ಟಿಯಾಗಿತ್ತು, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಾಗಿತ್ತು. ಕಿಟಕಿಗೆ ಹಚ್ಚಿ ಉಳಿದಿದ್ದ ಬಿಳಿ ಬಣ್ಣದ ಡಬ್ಬ ಹಿಡಿದು ಚಿನ್ನಿ ಬಂದಳು.

"ನಾನು ಬರೀತೀನಿ ಬಿಡಪ್ಪ."

ಸಾಂತಪ್ಪ ಗೋಣಿ ಹಾಸಿಕೊಟ್ಟ. ಅವಳು ಅಂಗಾತ ಜಾರಿಕೊಂಡು ಒಳಗೆ ಹೋದಳು. ಅವನೂ ಪಕ್ಕದಲ್ಲಿ ಮಲಗಿ ಬ್ಯಾಟರಿ ಬೆಳಕು ಹಿಡಿದ. ಒಂದು ಸುತ್ತು ಬರೆದಳು, ಒಂದು ಬಾಯಿ ಬರೆದಳು, ಕಣ್ಣಿನ ಜಾಗದಲ್ಲಿ ಎರಡು ಚುಕ್ಕೆ ಇಟ್ಟಳು. ಅವಳ ಮೂಗಿನ ಮೇಲೆ ಬಣ್ಣ ತೊಟ್ಟಿಕ್ಕಿತ್ತು.

"ಇದೇನೆ, ಹೆದರ್ಸೋ ಮುಖನಾ ಇದು? ನಗ್ತಾ ಐತಲ್ಲೇ!"

"ನಗ್ತಾ ಇದ್ರೆ ಯಾರಪ್ಪ ಕಣ್ಣು ಹಾಕ್ತಾರೆ?"

ಅದಕ್ಕೆ ಗುಂಡಣ್ಣ ಎಂದು ಹೆಸರಿಟ್ಟವಳೂ ಅವಳೇ.

ಆಮೇಲೆ ಪ್ರತಿ ಆಯುಧಪೂಜೆಗೂ ಹಳೆಯ ಮುಖದ ಮೇಲೆ ಹೊಸ ಬಣ್ಣ ಬಳಿದು, ಹೊಸ ಮುಖ. ತನ್ನ ಹಲ್ಲು ಬಿದ್ದ ವರ್ಷ ಗುಂಡಣ್ಣನ ಹಲ್ಲನ್ನೂ ಕಿತ್ತಳು. ಅಪ್ಪ ಮೀಸೆ ಬಿಟ್ಟ ವರ್ಷ ಮೀಸೆ ಬಂತು, ಅಪ್ಪನಿಗೆ ಕನ್ನಡಕ ಬಂದ ವರ್ಷ ಕನ್ನಡಕ ಬಂತು. ಕೊರೊನಾ ವರ್ಷ ಹಸಿರು ಮಾಸ್ಕು. ಅವಳು ಕಾಲೇಜಿಗೆ ಹೋಗುವ ಬಸ್ಸಿನ ಡ್ರೈವರ್ ಈ ಪಿಕಪ್ಪಿನ ಹಿಂದೆ ಸಿಕ್ಕಿಕೊಂಡಾಗ ಹಾರನ್ ಹೊಡೆಯುತ್ತಿರಲಿಲ್ಲವಂತೆ, "ಗುಂಡಣ್ಣ ನೋಡ್ಕೊಂಡು ಆರಾಮಾಗಿ ಹೋಗಾದು," ಅನ್ನುತ್ತಿದ್ದನಂತೆ. ಬೆಳೆದ ಹುಡುಗಿ, ಕಾಲೇಜು ಮೆಟ್ಟಿಲು ಹತ್ತಿದವಳು, ಗಾಡಿ ಅಡಿಗೆ ನುಗ್ಗುತ್ತಾಳಲ್ಲ ಎಂದು ಮುದ್ದಿ ಬೈಯುತ್ತಿದ್ದಳು. ಬೈಗುಳ ಮುಗಿಯುವಷ್ಟರಲ್ಲಿ ಅವಳು ಗೋಣಿಯ ಮೇಲಿರುತ್ತಿದ್ದಳು.

ಒಂದು ವಿಷಯ ಮಾತ್ರ ಬದಲಾಗಲಿಲ್ಲ. ಕಣ್ಣು ಯಾವಾಗಲೂ ಕಡೆಯಲ್ಲಿ. ಯಾಕೆಂದು ಅವನು ಒಮ್ಮೆ ಕೇಳಿದ್ದ.

"ಕಣ್ಣು ಮೊದ್ಲೇ ಬರೆದ್ರೆ ಅದು ನಮ್ಮನ್ನ ನೋಡ್ತಾ ಇರ್ತದಪ್ಪ. ಆಮೇಲೆ ಅದನ್ನ ಬಿಟ್ಟು ಆಚೆ ಬರೋಕೆ ಮನ್ಸು ಬರಲ್ಲ."

ಅವಳು ಹೋದದ್ದು ಕಾಮಾಲೆಯಲ್ಲಿ. ಪಿಕ್ಕಿಂಗ್ ಜೋರಾಗಿದ್ದ ದಿನಗಳು, ಅವಳಿಗೆ ಕಾಲೇಜಿನ ಪರೀಕ್ಷೆ. ಸುಸ್ತು ಅಂದಳು, ಓದಿನ ಸುಸ್ತು ಅಂದುಕೊಂಡರು. ಕಣ್ಣು ಹಳದಿಯಾದ ಮೇಲೆ ಸೊಪ್ಪಿನ ಔಷಧಿ ಕೊಡಿಸಿದರು, ಊರಲ್ಲಿ ಎಲ್ಲರೂ ಕೊಡಿಸುತ್ತಾರೆ, ಎಷ್ಟೋ ಜನಕ್ಕೆ ವಾಸಿಯೂ ಆಗಿದೆ. ಇವಳಿಗೆ ಆಗಲಿಲ್ಲ. ಹಾಸನದ ಆಸ್ಪತ್ರೆಗೆ ಇದೇ ಪಿಕಪ್ಪಿನಲ್ಲಿ ಹೊರಟರು. ಅವಳು ನಡುವೆ ಕೂತು ಅಮ್ಮನ ಹೆಗಲಿಗೆ ತಲೆ ಕೊಟ್ಟಿದ್ದಳು. ಸಾಂತಪ್ಪ ಮತ್ತೆ ಮತ್ತೆ ಅವಳ ಕಡೆ ತಿರುಗುತ್ತಿದ್ದ.

"ನೀನು ಮುಂದೆ ನೋಡ್ಕೊಂಡು ಓಡ್ಸಪ್ಪ," ಅಂದಳು. "ಹಿಂದೆ ನೋಡಕ್ಕೆ ಗುಂಡಣ್ಣ ಇದಾನೆ."

ವಾಪಸು ಬರುವಾಗ ಅವಳನ್ನು ಹಿಂದೆ ಮಲಗಿಸಿಕೊಂಡು ಬಂದರು. ಮುದ್ದಿಯೂ ಹಿಂದೆಯೇ ಕೂತಿದ್ದಳು. ಮುಂದೆ ಸಾಂತಪ್ಪ ಒಬ್ಬನೇ.

ಆ ವರ್ಷ ಮೇ ತಿಂಗಳಲ್ಲಿ ಗಾಡಿಯನ್ನು ಎಂದಿನಂತೆ ಸಣ್ಣಸ್ವಾಮಿಯಲ್ಲಿಗೆ ಒಯ್ದ. ಚಾಸಿ ಕೆರೆದು ಎಣ್ಣೆ ಹಚ್ಚಿದ ಸಣ್ಣಸ್ವಾಮಿ ಗುಂಡಿನ ಹತ್ತಿರ ಬಂದಾಗ, "ಅದನ್ನ ಮುಟ್ಬೇಡ," ಎಂದ ಸಾಂತಪ್ಪ. ಸಣ್ಣಸ್ವಾಮಿ ಮುಟ್ಟಲಿಲ್ಲ. ಕೆರೆಯುವುದು ಹೇಗೆ, ಅದರ ಮೇಲೆ ಕಪ್ಪು ಎಣ್ಣೆ ಬಳಿಯುವುದು ಹೇಗೆ? ಆದರೆ ಹಾಗೇ ಬಿಟ್ಟರೆ ಮಳೆಗಾಲದ ಕೆಸರು, ಕಲ್ಲು. ಸಾಂತಪ್ಪ ಮನೆಗೆ ಬಂದು ಯೋಚಿಸಿದ. ಗೊಬ್ಬರದ ಚೀಲದ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇರುತ್ತದಲ್ಲ, ಅಂಥದ್ದೊಂದನ್ನು ತಂದು ಚೆನ್ನಾಗಿ ಒದರಿದ. ಗುಂಡಣ್ಣನ ಮುಖವನ್ನು ಬಟ್ಟೆಯಿಂದ ಒರೆಸಿದ. ಪ್ಲಾಸ್ಟಿಕ್ ಸುತ್ತಿ, ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ, ಮಗುವಿನ ತಲೆಗೆ ಮಳೆ ತಾಗದಂತೆ ಕಟ್ಟುವ ಹಾಗೆ ಕಟ್ಟಿದ. ಆಯುಧಪೂಜೆ ಬಂತು. ಯಾರೂ ಬಿಚ್ಚಲಿಲ್ಲ. ಮುಂದಿನ ಆಯುಧಪೂಜೆಯೂ ಬಂತು.

ಈಗ ಎದುರಿನ ಗ್ಯಾರೇಜಿನಲ್ಲಿ ಸುತ್ತಿಗೆಯ ಸದ್ದು ನಿಂತಿತ್ತು. ಸಣ್ಣಸ್ವಾಮಿ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದು ಅಂಗಳದಲ್ಲಿ ನಿಂತ.

"ಸಾಂತಣ್ಣ, ನಿನ್ ಗಾಡಿ ಎಲ್ ನಿಂತ್ರೂ ಉಚ್ಚೆ ಹುಯ್ತದಲ್ಲ ಮಾರಾಯ. ನಿನ್ನೆ ನಮ್ ಬಾಗ್ಲಲ್ಲೂ ಹುಯ್ದು ಹೋಗೈತೆ."

ಸಾಂತಪ್ಪ ಹೊರಗೆ ಬಂದ. ಗಾಡಿಯ ಹಿಂದಿನ ಚಕ್ರಗಳ ನಡುವೆ ಮಣ್ಣಿನ ಮೇಲೆ ಕಪ್ಪು ಕಲೆ. ಅವನು ಅದನ್ನು ನೋಡಿಯೇ ಇದ್ದ. ನೋಡಿದಾಗಲೆಲ್ಲ ಕಾಲಿನಿಂದ ಮಣ್ಣು ಎಳೆದು ಮುಚ್ಚಿದ್ದ.

"ಹಳೇ ಎಣ್ಣೆ ಇರ್ಬೇಕು."

"ಹಳೇ ಎಣ್ಣೆನೋ ನಿನ್ ತಲೆನೋ. ಆಕ್ಸಲ್ ಎಣ್ಣೆ ಅದು. ಪೂರ್ತಿ ಸೋರಿ ಖಾಲಿ ಆದ್ರೆ ಒಳಗಿನ ಹಲ್ಲು ಕಚ್ಕೊಂಡು ಚಕ್ರ ನಿಂತೋಗ್ತದೆ. ಇಳಿಜಾರಲ್ಲಿ ನಿಂತ್ರೆ ಏನ್ ಮಾಡ್ತೀಯ?"

ಬಾಗಿಲಲ್ಲಿ ನಿಂತಿದ್ದ ಮುದ್ದಿ ಅಂದಳು, "ಮೊನ್ನೆ ತ್ವಾಟದ ಇಳಿಜಾರಲ್ಲಿ ಗೊರ್ ಅಂತು ಸ್ವಾಮಣ್ಣ. ಹಿಂದೆ ಕೆಲಸದ ಹೆಂಗಸ್ರೆಲ್ಲ ಕೂತಿದ್ರು. ನಾನ್ ಹೇಳ್ದೆ, ಇವ್ರು ರೋಡು ಸರಿ ಇಲ್ಲ ಅಂದ್ರು."

"ರೋಡು ಸರಿ ಇಲ್ದೇ ಇರೋದೂ ನಿಜ," ಎಂದು ಸಣ್ಣಸ್ವಾಮಿ ನಗಿಸಲು ನೋಡಿದ. ಅವನು ದನಿ ತಗ್ಗಿಸಿದ. "ತರಣ್ಣ ಗಾಡಿನ. ನಾನು ಕೈ ಹಾಕಲ್ಲ. ನೀನೇ ಬಿಚ್ಚು."

ಗಾಡಿಯ ಹಿಂಭಾಗವನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿದರು. ಸಾಂತಪ್ಪ ಗೋಣಿ ಹಾಸಿಕೊಂಡು ಒಳಗೆ ಜಾರಿದ. ಸಣ್ಣಸ್ವಾಮಿ ಪಕ್ಕದಲ್ಲಿ ಮಲಗಿ ಬ್ಯಾಟರಿ ಹಿಡಿದ. ಟ್ಯೂಬಿನ ಪಟ್ಟಿ ಗಂಟು ಬಿಡಲಿಲ್ಲ, ಚಾಕುವಿನಿಂದ ಕೊಯ್ಯಬೇಕಾಯಿತು. ಕೊಯ್ಯುತ್ತಿದ್ದಂತೆ ಒಳಗೆ ನಿಂತಿದ್ದ ನೀರು ಡಿಕಾಕ್ಷನ್ ಬಣ್ಣದಲ್ಲಿ ಅವನ ಎದೆಯ ಮೇಲೆ ಸುರಿಯಿತು. ಪ್ಲಾಸ್ಟಿಕ್ಕನ್ನು ಮೆಲ್ಲಗೆ ಎಳೆದ. ಅದರ ಮಡಿಕೆಗಳಲ್ಲಿ ಕೆಂಪು ಬಿಳಿ ಹರಳು ಅಂಟಿಕೊಂಡಿತ್ತು.

ಗುಂಡಣ್ಣನಿಗೆ ಒಂದು ಕಣ್ಣು ಉಳಿದಿತ್ತು. ಮೀಸೆಯ ಒಂದು ತುದಿ ಉಳಿದಿತ್ತು. ಉಳಿದದ್ದೆಲ್ಲ ಬೊಬ್ಬೆ ಎದ್ದು, ಬಿರಿದು, ಒಳಗಿನಿಂದ ಕೆಂಪು ಹಿಟ್ಟಿನಂಥ ತುಕ್ಕು ಹೊರಗೆ ಬಂದಿತ್ತು. ಕೆಳಗಿನ ಅಂಚಿನಲ್ಲಿ ಎಣ್ಣೆ ಬೆವರಿನ ಹಾಗೆ ಒಸರುತ್ತಿತ್ತು.

ಸಣ್ಣಸ್ವಾಮಿ ಪ್ಲಾಸ್ಟಿಕ್ಕನ್ನು ಬೆರಳಲ್ಲಿ ಉಜ್ಜಿ ನೋಡಿದ.

"ಎಂತ ಚೀಲ ಇದು?"

"ಪೊಟ್ಯಾಷ್‌ದು."

"ತೊಳ್ದಿದ್ಯಾ?"

"ಒದರಿದ್ದೆ."

ಸಣ್ಣಸ್ವಾಮಿ ಪ್ಲಾಸ್ಟಿಕ್ಕನ್ನು ಬದಿಗಿಟ್ಟ. ಜೀವಮಾನವೆಲ್ಲ ಪೊಟ್ಯಾಷ್ ಹೊತ್ತವನು ಸಾಂತಪ್ಪ. ಲೋಡು ಇಳಿಸಿದ ಕೂಡಲೇ ಗಾಡಿ ತೊಳೆಯಿರಿ ಎಂದು ಹೊಸ ಡ್ರೈವರುಗಳಿಗೆ ಹೇಳಿಕೊಟ್ಟವನು. ಅವನೇ ಆ ಉಪ್ಪನ್ನು ಮಗಳು ಬರೆದ ಮುಖಕ್ಕೆ ಸುತ್ತಿ, ನೀರು ಆರದಂತೆ ಬಿಗಿದು ಕಟ್ಟಿದ್ದ. ಸುಮ್ಮನೆ ಬಿಟ್ಟಿದ್ದರೆ ಕೆಸರಷ್ಟೇ ಹತ್ತುತ್ತಿತ್ತು.

ಸುತ್ತಿಗೆಯಿಂದ ಸಣ್ಣಸ್ವಾಮಿ ಮೆತ್ತಗೆ ಬಡಿದ. ದಬ್. ಪಕ್ಕದಲ್ಲಿ, ದಬ್. ಮೇಲೆ ಉಳಿದ ಕಣ್ಣಿನ ಹತ್ತಿರ, ಒಂದು ಅರ್ಧಂಬರ್ಧ ಠಣ್.

ಹೊರಗೆ ಬಂದು ಇಬ್ಬರೂ ಬೆಂಚಿನ ಮೇಲೆ ಕೂತರು. ಮುದ್ದಿ ರಸ್ತೆ ದಾಟಿ ಬಂದು ಗಾಡಿಯ ಬದಿಗೆ ನಿಂತಿದ್ದಳು. ಅವಳು ಬಗ್ಗಿ ನೋಡಲಿಲ್ಲ.

"ಎರಡು ದಾರಿ ಐತೆ," ಸಣ್ಣಸ್ವಾಮಿ ಅಂದ. "ಒಂದು, ಪೂರಾ ಕೆರೆದು ಗಟ್ಟಿ ಕಬ್ಬಿಣ ಎಲ್ಲಿಂದ ಶುರು ಆಗ್ತದೆ ನೋಡ್ಕೊಂಡು, ಕೊಳೆತಿದ್ದನ್ನ ಕೊಯ್ದು, ಹೊಸ ತಗಡು ಬೆಸುಗೆ ಹಾಕದು. ಬಣ್ಣ ಅಂತೂ ಉಳಿಯಲ್ಲ, ಬಿಟ್ರೂ ಬಿಸಿಗೆ ಸುಟ್ಟೋಗ್ತದೆ. ಇನ್ನೊಂದು, ಹಾಸನದ ಗುಜರಿಯಿಂದ ಬೇರೆ ಆಕ್ಸಲ್ ಹೌಸಿಂಗ್, ಗುಂಡು ಸಮೇತ, ತಂದು ಕೂರ್ಸದು. ಹಂಗಾದ್ರೆ ಇದನ್ನ ಹಿಂಗೇ ಮನೆಗೆ ತಗೊಂಡ್ಹೋಗು. ಏನೂ ಕೆರೆಯೋದು ಬ್ಯಾಡ."

ಸಾಂತಪ್ಪ ತಲೆ ಎತ್ತಿದ. "ಹಂಗೇ ಮಾಡಣ."

"ಎಲ್ಲಿಡ್ತೀರ?" ಮುದ್ದಿ ಕೇಳಿದಳು.

"ಎಲ್ಲಾದ್ರೂ. ಒಳಗೆ."

"ಒಳಗೆ ಅಂದ್ರೆ? ಅವಳ ಫೋಟೋ ಕೆಳಗಾ?"

"ಇಟ್ರೆ ಏನಾಗ್ತದೆ?"

"ಏನೂ ಆಗಲ್ಲ. ದಿನಾ ಬೆಳಿಗ್ಗೆ ತುಕ್ಕು ಗುಡಿಸ್ತಾ ಇರ್ತೀನಿ, ಅಷ್ಟೇ." ಅವಳ ದನಿ ಏರಲಿಲ್ಲ. ಸೆರಗಿನಲ್ಲಿ ಕೈ ಸುತ್ತಿಕೊಂಡು ಚಕ್ರವನ್ನೇ ನೋಡುತ್ತ ಹೇಳಿದಳು. "ಮನೇಲಿ ಇಟ್ಕೊಳ್ಳಿ ಅಂತ ಬರೆದಿದ್ಲಾ ಅವಳು? ನೀವು ಗಾಡಿ ತಗೊಂಡು ಹೋದೋರು ಸರಿಯಾಗಿ ಮನೆಗೆ ಬರ್ಲಿ ಅಂತ ಬರೆದಿದ್ದು. ಅದನ್ನೇ ಉಳ್ಸಕ್ಕೆ ಹೋಗಿ, ಆ ಇಳಿಜಾರಲ್ಲಿ ನೀವು... ಆ ಹೆಂಗಸ್ರು... ನಾನು ಇನ್ನೊಂದ್ಸಲ ಗಾಡಿ ಹಿಂದೆ ಕೂತ್ಕೊಂಡು ಬರಕ್ಕಾಗಲ್ಲ."

ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಅದರ ಧೂಳು ಇಳಿಯುವಷ್ಟರಲ್ಲಿ ಸಾಂತಪ್ಪ ಬೆಂಚಿನಿಂದ ಎದ್ದಿದ್ದ.

"ಕೆರೆಯೋ ಪಟ್ಟಿ ಕೊಡು," ಎಂದ ಸಾಂತಪ್ಪ.

"ನಾನ್ ಮಾಡ್ತೀನಿ ಬಿಡಣ್ಣ."

"ಕೊಡು ಮಾರಾಯ."

ಮೊದಲು ಉಳಿದಿದ್ದ ಕಣ್ಣು ಹೋಯಿತು. ಪಟ್ಟಿ ತಾಗಿದ್ದೇ ತಡ, ಉಗುರಿನಷ್ಟು ದಪ್ಪದ ಒಂದು ಹೊಪ್ಪಳೆ ಎದ್ದು ಅವನ ಅಂಗೈಗೆ ಬಿತ್ತು. ಅವನು ಕಣ್ಣು ಮುಚ್ಚಿ ತೆರೆದ. ಹೊಪ್ಪಳೆ ಎದ್ದ ಜಾಗದಲ್ಲಿ ಕಬ್ಬಿಣವಿರಲಿಲ್ಲ. ಹಸಿರು ಇತ್ತು.

ಅದು ಮಾಸ್ಕಿನ ಹಸಿರು. ಅವನಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಪ್ರತಿ ವರ್ಷ ಹಳೆಯದರ ಮೇಲೇ ಬಳಿದಿದ್ದಳಲ್ಲ. ಕೆಳಗಿನ ಅರ್ಧ ತುಕ್ಕಿನ ಪಾಲಾಗಿದ್ದರೂ ಮೇಲಿನ ಅರ್ಧದಲ್ಲಿ ಆ ವರ್ಷಗಳೆಲ್ಲ ಒಂದರ ಅಡಿಗೊಂದು ಕೂತಿದ್ದವು. ಮಾಸ್ಕಿನ ಅಂಚನ್ನು ವೈರ್ ಬ್ರಷ್ಷಿನಿಂದ ಉಜ್ಜಿದ. ಉಜ್ಜದೆ ಮುಂದಕ್ಕೆ ಹೋಗುವಂತಿರಲಿಲ್ಲ. ಅದರ ಕೆಳಗೆ ಕನ್ನಡಕದ ಒಂದು ಗಾಜು ಬಂತು. ಆ ಕನ್ನಡಕ ಬರೆಯುವಾಗ ಅವಳು ಅಪ್ಪನ ಕನ್ನಡಕವನ್ನು ತಾನು ಹಾಕಿಕೊಂಡು, ಏನೂ ಕಾಣದೆ, ಗಾಡಿಯ ಅಡಿಯಲ್ಲಿ ಇಬ್ಬರೂ ನಕ್ಕು ನಕ್ಕು, ಹೊರಗಿನಿಂದ ಮುದ್ದಿ, "ಏನ್ ಹುಚ್ಚು ಹಿಡಿದೈತಾ ಇಬ್ರಿಗೂ?" ಎಂದು ಕೂಗಿದ್ದಳು. ಗಾಜು ಪುಡಿಯಾಗಿ ಉದುರಿತು. ಒಂದು ಹುಬ್ಬು ಬಂತು, ಹೋಯಿತು. ಯಾವ ವರ್ಷದ್ದೋ ನೆನಪಿಗೆ ಬಾರದ ಒಂದು ಹಳದಿ ಬಂತು. ಅದು ಯಾವ ವರ್ಷ ಎಂದು ಕೇಳಲು ಬದಿಗೆ ತಿರುಗಿದ. ಸಣ್ಣಸ್ವಾಮಿ ಬ್ಯಾಟರಿ ಹಿಡಿದು ಮುಖ ಆಚೆ ತಿರುಗಿಸಿಕೊಂಡಿದ್ದ.

ಕಡೆಗೆ ಬಿಳಿ ಬಂತು. ಕಿಟಕಿಗೆ ಹಚ್ಚಿ ಉಳಿದಿದ್ದ ಬಿಳಿ. ಸುತ್ತಿನ ಒಂದು ತುಂಡು, ಅದರೊಳಗೆ ಒಂದು ಚುಕ್ಕೆ. ಚುಕ್ಕೆಯ ಪಕ್ಕದಲ್ಲಿ ಸಣ್ಣ ಬೆರಳಿನ ಗುರುತು. ಬಣ್ಣ ಒಣಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿರಬೇಕು. ಸಾಂತಪ್ಪ ಬ್ರಷ್ಷು ಕೆಳಗಿಟ್ಟ. ತನ್ನ ಹೆಬ್ಬೆರಳನ್ನು ಆ ಗುರುತಿನ ಮೇಲೆ ಇಟ್ಟ. ಅದು ಹೆಬ್ಬೆರಳಿನ ಅಡಿಯಲ್ಲಿ ಪೂರ್ತಿ ಮುಚ್ಚಿಹೋಯಿತು.

"ಅಲ್ಲಿ ಗಟ್ಟಿ ಐತೇನೋ," ಸಣ್ಣಸ್ವಾಮಿ ಅಂದ. "ತಡಿ, ಬಡಿದು ನೋಡ್ತೀನಿ. ಗಟ್ಟಿ ಇದ್ರೆ ಅಷ್ಟು ಬಿಟ್ಟು..."

ಬಡಿದ. ದಬ್.

ಇನ್ನೊಮ್ಮೆ, ಸ್ವಲ್ಪ ಪಕ್ಕಕ್ಕೆ. ದಬ್.

ಸಣ್ಣಸ್ವಾಮಿ ಸುತ್ತಿಗೆಯನ್ನು ಎದೆಯ ಮೇಲೆ ಇಟ್ಟುಕೊಂಡ. ಸಾಂತಪ್ಪ ಹೆಬ್ಬೆರಳು ತೆಗೆದು ಬ್ರಷ್ಷು ಕೈಗೆತ್ತಿಕೊಂಡ. ಆ ಜಾಗವನ್ನು ಅವನು ಎಷ್ಟು ಮೆಲ್ಲಗೆ ಉಜ್ಜಿದನೆಂದರೆ, ಹೊರಗೆ ನಿಂತಿದ್ದ ಮುದ್ದಿಗೆ ಕೆಲಸ ನಿಂತುಹೋಯಿತೇನೋ ಅನ್ನಿಸಿತು.

ಒಳಗಿನ ಹಲ್ಲುಚಕ್ರಗಳನ್ನು ಇಳಿಸಿ, ಕೊಳೆತದ್ದನ್ನು ಕೊಯ್ದು, ಹೊಸ ತಗಡು ಬೆಸೆದು, ಬೆಸುಗೆ ತಣ್ಣಗಾದ ಮೇಲೆ ರೆಡಾಕ್ಸೈಡ್ ಬಳಿದು ಮುಗಿಸಲು ಕೆಲವು ದಿನ ಹಿಡಿಯಿತು. ಕೊಡಗಿನ ಆಕಾಶ ಅಷ್ಟರಲ್ಲಿ ಕಪ್ಪಿಡುತ್ತಿತ್ತು. ಕಡೆಯ ದಿನ ಸಣ್ಣಸ್ವಾಮಿ ಇಬ್ಬರನ್ನೂ ಕರೆದ. ಹೊಸ ತಗಡಿನ ಮೇಲೆ ಸುತ್ತಿಗೆಯಿಂದ ಒಮ್ಮೆ ಬಡಿದು ತೋರಿಸಿದ. ಠಣ್. ಸದ್ದು ಸ್ವಲ್ಪ ಹೊತ್ತು ನಿಂತಿತು. ಚೆನ್ನಾಗಿಯೇ ಇತ್ತು. ಸಾಂತಪ್ಪ ತಲೆಯಾಡಿಸಿದ.

"ಬೋಳು ಬಿಟ್ಟು ಕಳ್ಸಕ್ಕೆ ನಂಗೆ ಮನಸಿಲ್ಲ ಅತ್ಗೆ," ಸಣ್ಣಸ್ವಾಮಿ ಬಿಳಿ ಬಣ್ಣದ ಡಬ್ಬ ತೋರಿಸಿದ. "ನಾನು ಬರೆದ್ರೆ ಗುಂಡಣ್ಣ ಆಗಲ್ಲ, ದೆವ್ವ ಆಗ್ತದೆ. ಗೊತ್ತು. ಆದ್ರೂ ಏನಾದ್ರೂ ಬರೀಬೇಕು."

ಮುದ್ದಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಡಬ್ಬವನ್ನು ಅವನ ಕೈಯಿಂದ ತೆಗೆದುಕೊಂಡಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ಗಾಡಿಯ ಅಡಿಗೆ ಬಗ್ಗದವಳು ಗೋಣಿಯ ಮೇಲೆ ಕೂತು, ಮಲಗಿ, ಕಾಲಿನಿಂದ ನೆಲ ಒತ್ತಿ ಒಳಗೆ ಜಾರಿದಳು. ಸಾಂತಪ್ಪ ಪಕ್ಕದಲ್ಲಿ ಮಂಡಿಯೂರಿ, ಬಾಗಿ, ಬ್ಯಾಟರಿ ಹಿಡಿದ. ಬೆಳಕು ಕೆಂಪು ತಗಡಿನ ಮೇಲೆ ಬಿತ್ತು. ಅಲ್ಲಿ ಏನೂ ಇರಲಿಲ್ಲ.

"ಎಲ್ಲಿಂದ ಶುರು ಮಾಡ್ತಿದ್ಲು?" ಅಡಿಯಿಂದ ಮುದ್ದಿಯ ದನಿ ಬಂತು. "ನಂಗೇನ್ ಗೊತ್ತು, ಬೆಳಕು ಹಿಡೀತಿದ್ದೋರು ನೀವು. ಕಣ್ಣು ಬರೀಲಾ ಮೊದ್ಲು?"

"ಕಣ್ಣು ಬ್ಯಾಡ. ಮೊದ್ಲು ಸುತ್ತು ಎಳಿ. ಆಮೇಲೆ ಬಾಯಿ." ಅವನು ಬ್ಯಾಟರಿಯನ್ನು ಸಣ್ಣಸ್ವಾಮಿಯ ಕೈಗೆ ಕೊಟ್ಟು ಎದ್ದು ನಿಂತ. "ಕಣ್ಣು ಕಡೇಲಿ. ಕಣ್ಣು ಮೊದ್ಲೇ ಬರೆದ್ಬಿಟ್ರೆ ಅದು ನಮ್ಮನ್ನ..." ಎನ್ನುತ್ತ, ಆಮೇಲೆ ಏನೆಂದು ಮುದ್ದಿ ಕೇಳುತ್ತಿರುವಾಗಲೇ, ಗುಂಡಣ್ಣನಿಗೆ ಕಣ್ಣು ಬರುವ ಮೊದಲೇ, ಅವನು ತಗಡಿನ ಮಾಡಿನಿಂದಾಚೆ ರಸ್ತೆಗಿಳಿದು, ಮನೆಯ ಕಡೆಗೂ ತಿರುಗದೆ, ಇಳಿಜಾರಿನ ಕಡೆ ನಡೆದುಹೋದ.